ಕಚ್ಚತೈತೇನ್ರಿ?

ನಮ್ಮ ಹಳಿಯಾಳ, ದಾಂಡೇಲಿ ಕಡೆ ನಾಯಿ ಇರುವ ಮನೆಗೆ ಹೋದವರು ಗೇಟಿನ ಆಚೆಯೇ ನಿಂತು ಕೂಗುತ್ತಾರೆ: ‘ಕಚ್ಚತೈತೇನ್ರಿ?’ ಒಳಗಿನಿಂದ ಬರುವ ಉತ್ತರ ತಲೆತಲಾಂತರದಿಂದ ಒಂದೇ: ‘ಏನೂ ಮಾಡಂಗಿಲ್ಲ, ಬರ್ರಿ.’ ಈ ಮಾತು ನಂಬಿ ಒಳಗೆ ಕಾಲಿಟ್ಟವರಲ್ಲಿ ಕೆಲವರು ಚಹಾ ಕುಡಿದು ಹೊರಬಂದಿದ್ದಾರೆ, ಕೆಲವರು ನೇರ ಸರಕಾರಿ ದವಾಖಾನೆಗೆ ಹೋಗಿದ್ದಾರೆ. ಹಾಗಂತ ಮನೆಯವರು ಸುಳ್ಳು ಹೇಳಿದರೆನ್ನಲಾಗದು. ಅವರಿಗೆ ಆ ನಾಯಿ ನಿಜವಾಗಿಯೂ ಏನೂ ಮಾಡಿರುವುದಿಲ್ಲ.

ಇಷ್ಟು ಹಳೆಯ ಪ್ರಶ್ನೆಗೆ ಹೊಸ ಕಳೆ ಬಂದದ್ದು ನೀಲಿ ಕಣ್ಣಿನ ನಾಯಿಗಳು ಊರಿಗೆ ಬಂದ ಮೇಲೆ. ನಮ್ಮ ಅಕ್ಕನ ಮನೆ ದಾಂಡೇಲಿಯಲ್ಲಿ. ಭಾವ ಕಾಗದದ ಕಾರ್ಖಾನೆಯಲ್ಲಿ ದುಡಿದು ನಿವೃತ್ತರಾದವರು. ಅವರ ಮಗ ಬೆಂಗಳೂರಿನ ಫ್ಲ್ಯಾಟಿನಲ್ಲಿ ಸೈಬೀರಿಯನ್ ಹಸ್ಕಿ ಸಾಕಿದ್ದ. ಕೆಲಸ ಪರದೇಶಕ್ಕೆ ಬದಲಾಯಿತು. ಸೋಫಾ, ವಾಶಿಂಗ್ ಮಶೀನು, ಹಸ್ಕಿ ಮೂರೂ ಒಂದೇ ಟೆಂಪೋದಲ್ಲಿ ದಾಂಡೇಲಿಗೆ ಬಂದಿಳಿದವು. ಹೆಸರು ಸ್ನೋ. ಅಕ್ಕ ಸಂಜೆಯೊಳಗೆ ಅದನ್ನು ‘ಸಣ್ಯಾ’ ಮಾಡಿಕೊಂಡಳು. ನಾಯಿ ತಕರಾರು ತೆಗೆಯಲಿಲ್ಲ. ಅದು ಮೊದಲಿನ ಹೆಸರಿಗೂ ಓಗೊಡುತ್ತಿರಲಿಲ್ಲ.

ಓಣಿಯವರು ತೋಳ ಬಂತೆಂದರು. ಮಕ್ಕಳು ದೂರದಿಂದ ನೋಡಿ ಓಡಿದರು. ಭಾವನಿಗೆ ಇದು ಬಹಳ ಹಿಡಿಸಿತು. ಇಡೀ ನೌಕರಿಯಲ್ಲಿ ಯಾರೂ ಅವರಿಗೆ ಹೆದರಿದವರಲ್ಲ. ಮನೆಯಲ್ಲಂತೂ ಆ ಮಾತೇ ಬೇಡ. ಈಗ ಸಂಜೆ ಹೊತ್ತು ಹಗ್ಗ ಹಿಡಿದು ಹೊರಟರೆ ಎದುರಿಗೆ ಬಂದವರು ದಾರಿ ಬಿಟ್ಟು ನಿಲ್ಲುತ್ತಾರೆ. ಹಗ್ಗದ ಯಾವ ತುದಿಯವರು ಯಾರನ್ನು ಎಳೆಯುತ್ತಿದ್ದಾರೆ ಎಂಬುದನ್ನು ಯಾರೂ ಗಮನಿಸಲಿಲ್ಲ. ಗೇಟಿಗೆ ‘ನಾಯಿ ಇದೆ ಎಚ್ಚರಿಕೆ’ ಎಂಬ ಬೋರ್ಡು ಬಿತ್ತು.

ಚಹಾದಂಗಡಿಯ ಹುಡುಗರು ಫೋನಿನಲ್ಲಿ ಹುಡುಕಿ ಒಂದು ಅಂಕಿ ತಂದರು: ಹಸ್ಕಿಯ ಕಡಿತ 320 ಪಿಎಸ್‌ಐ. ಪಕ್ಕದ ಪಂಕ್ಚರ್ ಅಂಗಡಿಯವರು ತಲೆ ಎತ್ತಿದರು. ಪಿಎಸ್‌ಐ ಅಂದರೆ ಅವರ ರಾಜ್ಯ. ‘ಕಾರಿಗೆ ಮೂವತ್ತ ಹಾಕತೀವ್ರಿ. ಮುನ್ನೂರಾ ಇಪ್ಪತ್ತ ಅಂದ್ರ ಟಾಯರ್ ಅಲ್ಲ, ಅಂಗಡೀನ ಹಾರತೈತಿ’ ಎಂದರು. ಅವರಿಗೆ ತಿಳಿಯದೆಯೇ ಅವರು ಕೈ ಇಟ್ಟದ್ದು ಸರಿಯಾದ ಜಾಗಕ್ಕೆ. ಪಿಎಸ್‌ಐ ಎಂಬುದು ಒತ್ತಡದ ಅಳತೆ. ಒಂದು ಚದರ ಅಂಗುಲದ ಮೇಲೆ ಎಷ್ಟು ಭಾರ ಬಿತ್ತು ಎಂಬ ಲೆಕ್ಕ. ಕೋರೆಹಲ್ಲಿನ ತುದಿ ಚದರ ಅಂಗುಲದ ಎಷ್ಟನೆಯ ಪಾಲೋ! ಅಲ್ಲಿ ಒತ್ತಡ ಲೆಕ್ಕ ಹಾಕುತ್ತ ಕೂತರೆ ಯಾವ ಹಲ್ಲು, ಎಷ್ಟು ಸವೆದಿದೆ ಎಂಬುದರ ಮೇಲೆ ಉತ್ತರ ಬದಲಾಗುತ್ತದೆ. ಅದಕ್ಕೇ ಬಲ್ಲವರು ಅಳೆಯುವುದು ದವಡೆ ಮುಚ್ಚುವ ಬಲವನ್ನು.

2005ರಲ್ಲಿ ನ್ಯಾಷನಲ್ ಜಿಯೋಗ್ರಾಫಿಕ್‌ನ ಬ್ರೇಡಿ ಬಾರ್ ಎಂಬ ಪ್ರಾಣಿತಜ್ಞರು ಅಳತೆಯ ಸಾಧನ ಅಳವಡಿಸಿದ ತೋಳುಗವಸನ್ನು ನಾಯಿಗಳ ಬಾಯಿಗೆ ಕೊಟ್ಟು ನೋಡಿದರು. ರಾಟ್‌ವೈಲರ್ 328 ಪೌಂಡು, ಜರ್ಮನ್ ಶೆಫರ್ಡ್ 238, ಪಿಟ್‌ಬುಲ್ 235. ಆ ಮೂರರಲ್ಲಿ ಹಸ್ಕಿ ಇರಲಿಲ್ಲ. ಅದಕ್ಕೂ ಹತ್ತು ವರ್ಷ ಮೊದಲು, 1995ರಲ್ಲಿ, ಅಮೆರಿಕದ ಪಶುವೈದ್ಯರು ಸಾಕುನಾಯಿಗಳಿಗೆ ಚರ್ಮದ ತುಂಡಿನಲ್ಲಿ ಅಳತೆಯ ಸಾಧನ ಇಟ್ಟು ಜಗಿಸಿದ್ದರು. ಕನಿಷ್ಠ 13 ನ್ಯೂಟನ್, ಗರಿಷ್ಠ 1394. ನಮ್ಮ ತಕ್ಕಡಿಯಲ್ಲಿ ಹೇಳುವುದಾದರೆ ಒಂದೂಕಾಲು ಕಿಲೋದಿಂದ ಸುಮಾರು 140 ಕಿಲೋವರೆಗೆ. ಇಷ್ಟು ಅಂತರವಿರುವ ಕಡೆ ಒಂದು ತಳಿಗೆ ಒಂದೇ ಅಂಕಿ ಅಂಟಿಸಿ ಮೆರೆಸುವುದು ಕಷ್ಟ. ನಾಯಿ ದೊಡ್ಡದಾದಷ್ಟೂ, ತಲೆ ಅಗಲವಾದಷ್ಟೂ, ಮೂತಿ ಗಿಡ್ಡವಾದಷ್ಟೂ ಹಿಡಿತ ಜೋರು. ಹಸ್ಕಿ ಗಂಡು 20ರಿಂದ 27 ಕಿಲೋ ತೂಗುತ್ತದೆ. ತಲೆ ಮಧ್ಯಮ, ಮೂತಿ ಮಧ್ಯಮ. ಹೀಗಾಗಿ ಅದರದು ಮಧ್ಯಮ ವರ್ಗದ ಕಡಿತ. ನಿವೃತ್ತರ ಮನೆಗೆ ತಕ್ಕುದಾದದ್ದು.

ಕಡಿತದ ಬಗ್ಗೆ ಜಂಬ ಕೊಚ್ಚಲು ದಾಂಡೇಲಿ ಸರಿಯಾದ ಊರೂ ಅಲ್ಲ. ಇಲ್ಲಿ ಕಾಳಿ ನದಿಯಲ್ಲಿ ಮೊಸಳೆಗಳಿವೆ. ದಾಂಡೇಲಪ್ಪನ ಗುಡಿಯ ಕಡೆ ಹೋದರೆ ದಂಡೆಯ ಮೇಲೆ ಬಿಸಿಲಿಗೆ ಬಾಯಿ ತೆರೆದು ಬಿದ್ದುಕೊಂಡಿರುವುದು ಕಾಣುತ್ತದೆ. 2012ರಲ್ಲಿ ಗ್ರೆಗರಿ ಎರಿಕ್ಸನ್ ಮತ್ತವರ ಜೊತೆಗಾರರು ಜಗತ್ತಿನ ಮೊಸಳೆಗಳನ್ನೆಲ್ಲ ಕಚ್ಚಿಸಿ ಪ್ರಕಟಿಸಿದ ಲೆಕ್ಕದಲ್ಲಿ ಉಪ್ಪುನೀರಿನ ದೊಡ್ಡ ಮೊಸಳೆ 3700 ಪೌಂಡು ಮುಟ್ಟಿತು. ಕಾಳಿಯದು ಅದರ ಸೋದರಸಂಬಂಧಿ, ಸಿಹಿನೀರಿನ ಮೊಸಳೆ. ಅದು ಯಾವ ಗೇಟಿಗೂ ಬೋರ್ಡು ಹಾಕಿಸಿಕೊಂಡಿಲ್ಲ. ನದಿಗಿಳಿಯಬೇಡಿ ಎಂಬ ಬೋರ್ಡುಗಳನ್ನು ನಾವೇ ಹಾಕಬೇಕಾಗಿದೆ.

ಇನ್ನು ಕಾಡಿನಲ್ಲಿ ಸೀಳುನಾಯಿ. 2007ರಲ್ಲಿ ದಾಂಡೇಲಿ-ಅಣಶಿ ಎಂಬ ಹೆಸರಿನಲ್ಲಿ ಘೋಷಣೆಯಾಗಿ, ಮುಂದೆ ಕಾಳಿ ಹುಲಿ ಸಂರಕ್ಷಿತ ಪ್ರದೇಶವಾದ ಈ ಕಾಡಿನಲ್ಲಿ ಹುಲಿ, ಕರಿಚಿರತೆಗಳ ಹೆಸರು ಮುಂದೆ. ಕೆಲಸದಲ್ಲಿ ಮುಂದೆ ಇರುವುದು ಈ ಕೆಂಪುನಾಯಿ. ತೂಕ 15–20 ಕಿಲೋ, ಅಂದರೆ ನಮ್ಮ ಸಣ್ಯಾನಿಗಿಂತ ಹಗುರ. ನಾಯಿಗೆ 42 ಹಲ್ಲಾದರೆ ಇದಕ್ಕೆ 40. ಆದರೂ ಮೈಯ ಅಳತೆಗೆ ಹೋಲಿಸಿದರೆ ನಾಯಿಕುಲದಲ್ಲೇ ಬಿಗಿಯಾದ ಹಿಡಿತ ಇರುವವುಗಳಲ್ಲಿ ಇದೂ ಒಂದು. ಹಿಂಡು ಕಟ್ಟಿಕೊಂಡು ತನಗಿಂತ ಎಷ್ಟೋ ಪಟ್ಟು ದೊಡ್ಡ ಕಡವೆಯನ್ನು ಕೆಡವುತ್ತದೆ. ಅದರ ಬೊಗಳಿಕೆ ಕೇಳಿದವರಿಲ್ಲ. ಸಿಳ್ಳೆ ಹಾಕಿ ಒಂದನ್ನೊಂದು ಕರೆಯುತ್ತವೆ. ಮನುಷ್ಯರನ್ನು ಕಂಡರೆ ಸರಿದು ಹೋಗುತ್ತವೆ. ಜೋಯಿಡಾದ ಕುಣಬಿಗಳು ಇವುಗಳ ನೆರೆಯಲ್ಲೇ ಗದ್ದೆ ಮಾಡಿ, ಗೆಡ್ಡೆಗೆಣಸು ಬೆಳೆದು ಬದುಕಿದ್ದಾರೆ. ಹಲ್ಲಿನ ಬಲವೇ ಸ್ವಭಾವವಾಗಿದ್ದರೆ ಜೋಯಿಡಾದಲ್ಲಿ ಜನವಸತಿಯೇ ಇರುತ್ತಿರಲಿಲ್ಲ. ಹಳಿಯಾಳ ಕುಸ್ತಿಯ ಊರು. ಗರಡಿಯಲ್ಲಿ ಎಂಥವನನ್ನೂ ಚಿತ್ ಮಾಡುವ ಪೈಲವಾನ ಸಂತೆಯಲ್ಲಿ ಯಾರ ಮೈಗೂ ತಾಗದ ಹಾಗೆ ನಡೆಯುತ್ತಾನೆ. ತೋಳ್ಬಲ ಬೇರೆ, ತೋಳೇರಿಸುವ ಚಟ ಬೇರೆ ಎಂದು ಆ ಊರಿನ ಹುಡುಗರಿಗೆ ಯಾರೂ ಹೇಳಿಕೊಡಬೇಕಾಗಿಲ್ಲ.

ಸಣ್ಯಾನ ಪೂರ್ವಜರ ಕಥೆಯೇ ಬೇರೆ. ಸೈಬೀರಿಯಾದ ಈಶಾನ್ಯ ತುದಿಯ ಚುಕ್ಚಿ ಜನ ಹಿಮದ ಮೇಲೆ ಜಾರುಬಂಡಿ ಎಳೆಯಲು ಬೆಳೆಸಿದ ತಳಿ ಇದು. 20ನೇ ಶತಮಾನದ ಮೊದಲ ದಶಕದಲ್ಲಿ ಇವನ್ನು ಅಲಾಸ್ಕಾಕ್ಕೆ ತಂದಾಗ ಅಲ್ಲಿನವರು ಗಾತ್ರ ನೋಡಿ ಸೈಬೀರಿಯಾದ ಇಲಿ ಎಂದು ನಕ್ಕರಂತೆ. 1925ರ ಚಳಿಗಾಲದಲ್ಲಿ ನೋಮ್ ಎಂಬ ಊರಿಗೆ ಗಂಟಲಮಾರಿ ಬಡಿಯಿತು. ಔಷಧ ಇದ್ದದ್ದು ದೂರದಲ್ಲಿ. ಬಂದರು ಹಿಮಗಟ್ಟಿತ್ತು, ವಿಮಾನ ಹಾರುವಂತಿರಲಿಲ್ಲ. 20 ಬಂಡಿಯವರು, ನೂರೈವತ್ತರಷ್ಟು ನಾಯಿಗಳು ಕೈಯಿಂದ ಕೈಗೆ ದಾಟಿಸುತ್ತ 1085 ಕಿಲೋಮೀಟರನ್ನು ಐದೂವರೆ ದಿನದಲ್ಲಿ ಮುಗಿಸಿದರು. ದಾಂಡೇಲಿಯಿಂದ ಮುಂಬೈಗೆ ಹೋಗಿ ಹಿಂದಿರುಗುವಷ್ಟು ದಾರಿ. ಅತ್ಯಂತ ಉದ್ದದ, ಅಪಾಯದ ಹಾದಿಯನ್ನು ದಾಟಿಸಿದ್ದು ಲೆನಾರ್ಡ್ ಸೆಪ್ಪಾಲಾ ಅವರ ಟೋಗೋ ಎಂಬ ನಾಯಿಯ ತಂಡ. ಕೊನೆಯ ತುಂಡನ್ನು ಓಡಿ ಊರು ಮುಟ್ಟಿದ್ದು ಬಾಲ್ಟೋ. ನ್ಯೂಯಾರ್ಕಿನ ಸೆಂಟ್ರಲ್ ಪಾರ್ಕಿನಲ್ಲಿ ಪ್ರತಿಮೆ ಆದದ್ದು ಬಾಲ್ಟೋಗೆ. ಫೈಲು ತಯಾರಿಸಿದವರು ಒಬ್ಬರು, ಸಹಿ ಹಾಕಿದವರು ಇನ್ನೊಬ್ಬರು. ನೌಕರಿ ಮಾಡಿದ ಯಾರಿಗೂ ಇದು ಹೊಸದಲ್ಲ. ಭಾವ ಇದನ್ನು ಕೇಳಿ ಬಹಳ ಹೊತ್ತು ತಲೆಯಾಡಿಸಿದರು.

ಈ ಕಥೆಯಲ್ಲಿ ಸ್ವಭಾವದ ಗುಟ್ಟೂ ಇದೆ. ಬಂಡಿ ಎಳೆಯುವ ನಾಯಿ ಹತ್ತಾರು ನಾಯಿಗಳ ಜೊತೆ ಭುಜಕ್ಕೆ ಭುಜ ತಾಗಿಸಿ ಓಡಬೇಕು. ಯಾರು ಬಂದು ಪಟ್ಟಿ ಬಿಗಿದರೂ ಸುಮ್ಮನಿರಬೇಕು. ಕಚ್ಚಾಡುವ ನಾಯಿ ತಂಡಕ್ಕೇ ಅಪಾಯ, ಅಂಥದ್ದನ್ನು ಸಾಕಿ ಮುಂದಿನ ಮರಿ ಮಾಡಿಸುವವರು ಯಾರು? ಹೀಗೆ ತಲೆಮಾರುಗಟ್ಟಲೆ ಸೋಸಿ ಉಳಿದದ್ದು ಪರಿಚಿತರು ಅಪರಿಚಿತರು ಎಂಬ ಭೇದ ಇಲ್ಲದ ನಾಯಿ. 1930ರಲ್ಲಿ ಈ ತಳಿಗೆ ಮಾನ್ಯತೆ ಕೊಟ್ಟ ಅಮೆರಿಕದ ಕೆನಲ್ ಕ್ಲಬ್ಬಿನ ಲಕ್ಷಣ ವಿವರಣೆಯಲ್ಲೂ ಇದಕ್ಕೆ ಕಾವಲುನಾಯಿಯ ಗುಣ ಇಲ್ಲವೆಂದೇ ಬರೆದಿದೆ. ಸಣ್ಯಾ ಈ ವಿವರಣೆಗೆ ಒಂದಕ್ಷರ ತಪ್ಪದೆ ನಡೆದುಕೊಂಡಿತು. ಗ್ಯಾಸ್ ಸಿಲಿಂಡರಿನವರ ಭುಜದ ಮೇಲೆ ಕಾಲಿಟ್ಟು ಮುಖ ನೆಕ್ಕಿತು. ಮೀಟರ್ ಓದಲು ಬಂದವರ ಮುಂದೆ ಅಂಗಾತ ಬಿದ್ದು ಹೊಟ್ಟೆ ಕೆರೆಸಿಕೊಂಡಿತು. ಕಳ್ಳ ಬಂದರೆ ಕಪಾಟು ತೋರಿಸೀತು ಎಂದು ಅಕ್ಕ ಹೇಳಿದಾಗ ಭಾವ ಬೋರ್ಡಿನ ಧೂಳು ಒರೆಸುತ್ತಿದ್ದರು.

ಹಾಗಂತ ಅದು ಸಾಧುವಲ್ಲ. ಮನುಷ್ಯರ ವಿಷಯದಲ್ಲಿ ಮಾತ್ರ ಸಾಧು. ಜೋಯಿಡಾದ ಬೀಗರ ಮನೆಗೆ ಒಯ್ದಿದ್ದಾಗ ಹಗ್ಗ ಜಾರಿಸಿಕೊಂಡ ಸಣ್ಯಾ ಬೇಲಿಯ ಕೆಳಗೆ ನೆಲ ಬಗೆದು ಆಚೆ ಹೋಗಿ, ಕೋಳಿಗಳ ವಿಚಾರದಲ್ಲಿ ಸೈಬೀರಿಯಾದ ನ್ಯಾಯ ನಡೆಸಿತು. ಬೇಸಿಗೆಯಲ್ಲಿ ಚುಕ್ಚಿಗಳು ನಾಯಿಗಳನ್ನು ಬಿಟ್ಟುಬಿಡುತ್ತಿದ್ದರು, ಅವು ತಮ್ಮ ಹೊಟ್ಟೆ ತಾವೇ ಹೊರೆಯುತ್ತಿದ್ದವು ಎಂದು ನಾನು ವಿವರಿಸಲು ಹೋದೆ. ಬೀಗಿತ್ತಿ ಕೇಳಿದ್ದು ಒಂದೇ ಮಾತು: ‘ಆ ಚುಕ್ಚಿಗೋಳು ರೊಕ್ಕಾ ಕೊಡತಾರೇನ್ರಿ?’ ಬೇಟೆಯ ಹುಕಿ ಬೇರೆ, ಸಿಟ್ಟು ಬೇರೆ. ಕೋಳಿಯನ್ನು ಹಿಡಿದ ಬಾಯಿಯಲ್ಲಿ ದ್ವೇಷ ಇರುವುದಿಲ್ಲ. ಆದರೆ ಇದು ಕೋಳಿಯ ಕಡೆಯವರಿಗೆ ಸಮಾಧಾನ ಕೊಡುವ ಮಾತಲ್ಲ.

ಹಸ್ಕಿಯ ಬಳಗದವರೆಲ್ಲ ಒಂದೇ ಗುಣದವರೂ ಅಲ್ಲ. ಅಲಾಸ್ಕನ್ ಮಾಲಮೂಟ್ ಗಾತ್ರದಲ್ಲಿ ಹಸ್ಕಿಯ ದೊಡ್ಡಣ್ಣ. ಭಾರ ಎಳೆಯುವುದು ಅದರ ಕಸುಬು. ಬಿಳಿಯ ಸಮೊಯೆಡ್ ಸದಾ ನಕ್ಕಂತೆ ಕಾಣುತ್ತದೆ. ಜಪಾನಿನ ಅಕಿಟಾ ಅದೇ ಚೂಪುಕಿವಿ, ಸುರುಳಿಬಾಲದ ಮನೆತನವಾದರೂ ಹೊರಗಿನವರನ್ನು ಹತ್ತಿರ ಸೇರಿಸದು. ನಾವು ಚಿಕ್ಕವರಿದ್ದಾಗ ಮಾಸ್ತರ ಮನೆ, ಮ್ಯಾನೇಜರ ಮನೆಗಳಲ್ಲಿ ಇರುತ್ತಿದ್ದ, ನಾವೆಲ್ಲ ಪಾಮೇರಿಯನ್ ಎನ್ನುತ್ತಿದ್ದ ಬಿಳಿಯ ಸ್ಪಿಟ್ಜ್ ಕೂಡ ಈ ಮನೆತನದ ದೂರದ ಕುಡಿಯೇ. ತೊಡೆಯ ಮೇಲೆ ಕೂರುವ ಆ ಜೀವ ನಮ್ಮ ಕಾಲದ ಅಂಚೆಯಣ್ಣಂದಿರ ಪ್ಯಾಂಟುಗಳಿಗೆ ಮಾಡಿದಷ್ಟು ಹಾನಿಯನ್ನು ಯಾವ ಆಲ್ಸೇಶನ್ನೂ ಮಾಡಿರಲಾರದು.

2024ರ ಮಾರ್ಚಿನಲ್ಲಿ ಕೇಂದ್ರದ ಪಶುಸಂಗೋಪನಾ ಇಲಾಖೆ ಉಗ್ರ ತಳಿಗಳೆಂದು 23 ಹೆಸರುಗಳ ಪಟ್ಟಿ ಮಾಡಿ, ಅವುಗಳ ಆಮದು, ಮಾರಾಟ, ಮರಿ ಮಾಡಿಸುವುದು ಬೇಡವೆಂದು ರಾಜ್ಯಗಳಿಗೆ ಸುತ್ತೋಲೆ ಕಳಿಸಿತು. ಭಾವ ಕನ್ನಡಕ ಹಾಕಿಕೊಂಡು ಪಟ್ಟಿ ಓದಿದರು. ರಾಟ್‌ವೈಲರ್ ಇತ್ತು, ಅಕಿಟಾ ಇತ್ತು, ತೋಳನಾಯಿಯೂ ಇತ್ತು. ಹಸ್ಕಿ ಇರಲಿಲ್ಲ. ಅವರ ಮುಖದಲ್ಲಿ ನೆಮ್ಮದಿ ಕಾಣಲಿಲ್ಲ. ಬಡ್ತಿ ಪಟ್ಟಿಯಲ್ಲಿ ಹೆಸರು ಬಿಟ್ಟುಹೋದಾಗಿನ ಮುಖವೇ ಇತ್ತು. ಏಪ್ರಿಲ್ 10ರಂದು ಕರ್ನಾಟಕ ಹೈಕೋರ್ಟು ಆ ಸುತ್ತೋಲೆಯನ್ನು ರದ್ದು ಮಾಡಿತು. ಸಂಬಂಧಪಟ್ಟವರ ಮಾತು ಕೇಳದೆ ಹೊರಡಿಸಿದ್ದು ಸರಿಯಲ್ಲವೆಂಬುದು ಒಂದು ಕಾರಣ. ಸಂಬಂಧಪಟ್ಟವರೆಂದರೆ ನಾಯಿ ಸಾಕುವವರು, ನಾಯಿ ಬಲ್ಲವರು. ಅಂಚೆಯಣ್ಣಂದಿರನ್ನೂ ಕೇಳಿದ್ದರೆ ಪಟ್ಟಿಯ ಮೊದಲ ಹೆಸರೇ ಬೇರೆಯಾಗುತ್ತಿತ್ತು.

ಕಾವಲಿನ ವಿದ್ಯೆ ನೋಡಬೇಕಾದರೆ ಮುಂಡಗೋಡಕ್ಕೆ ಹೋಗಬೇಕು. 1966ರಿಂದ ಅಲ್ಲಿ ಟಿಬೆಟಿಯನ್ನರ ವಸತಿ ಇದೆ. ಡ್ರೆಪುಂಗ್, ಗಾಂದೆನ್ ಮಠಗಳು, ಕೆಂಪು ಉಡುಪಿನ ಸನ್ಯಾಸಿಗಳು, ಮೆಕ್ಕೆಜೋಳದ ಹೊಲ, ಚಳಿಗಾಲಕ್ಕೆ ಊರೂರಿಗೆ ಸ್ವೆಟರ್ ವ್ಯಾಪಾರ. ಹಿಮದ ನಾಡಿನ ಹಳೆಯ ಪದ್ಧತಿಯಲ್ಲಿ ನಾಯಿಗಳ ಕೆಲಸ ಹಂಚಿಹೋಗಿತ್ತು. ಡೇರೆಯ ಹೊರಗೆ, ಮಠದ ಬಾಗಿಲಲ್ಲಿ ದೈತ್ಯ ಮ್ಯಾಸ್ಟಿಫ್. ಒಳಗೆ ಕಣ್ಣು ಮುಚ್ಚುವಷ್ಟು ಕೂದಲಿನ ಪುಟ್ಟ ಲಾಸಾ ಆಪ್ಸೊ. ಚುರುಕು ಕಿವಿ ಪುಟ್ಟದರದು. ಸಣ್ಣ ಸದ್ದಿಗೂ ಅದು ಕೂಗೆಬ್ಬಿಸಿತೆಂದರೆ ದೊಡ್ಡದು ಎದ್ದು ನಿಲ್ಲುತ್ತದೆ; ಅದು ಎದ್ದು ನಿಂತರೆ ಬಹಳಷ್ಟು ಸಲ ಅಷ್ಟೇ ಸಾಕು.

ಹಳಿಯಾಳ, ಮುಂಡಗೋಡದ ಗೌಳಿವಾಡಗಳಲ್ಲೂ ಇದೇ ಪಾಠ. ಎಮ್ಮೆಗಳ ಹಿಂದೆ ಕಾಡಂಚಿಗೆ ಹೋಗುವ ಕಂದು ನಾಯಿಗೆ ತಳಿಯ ಸರ್ಟಿಫಿಕೇಟಿಲ್ಲ, ಪಿಎಸ್‌ಐ ಇಲ್ಲ. ಚಿರತೆಗೆ ಎದುರಾದರೆ ಅದೇ ಚಿರತೆಯ ಊಟ. ಅದರ ಕೆಲಸ ಚಿರತೆಯನ್ನು ಗೆಲ್ಲುವುದಲ್ಲ, ಚಿರತೆ ಬಂದಿದೆ ಎಂದು ಹೇಳುವುದು. ಹೇಳುತ್ತದೆ; ಮನುಷ್ಯರು ಎದ್ದು ಕೂಗು ಹಾಕುತ್ತಾರೆ; ಚಿರತೆ ತಿರುಗಿ ಹೋಗುತ್ತದೆ. ಬೊಗಳುವ ನಾಯಿ ಕಚ್ಚುವುದಿಲ್ಲ ಎಂದು ನಮ್ಮ ಹಿರಿಯರು ಹೇಳಿದ್ದನ್ನು ನಾವು ಬಾಯಿಬಡುಕರ ಮೇಲೆ ಮಾಡಿದ ಲೇವಡಿ ಎಂದುಕೊಂಡಿದ್ದೇವೆ. ನನಗೆ ಅದು ನಾಯಿಯ ಮೇಲಿನ ಹೊಗಳಿಕೆಯಾಗಿ ಕೇಳುತ್ತದೆ. ಬೊಗಳುವುದರಿಂದಲೇ ಅದಕ್ಕೆ ಕಚ್ಚುವ ಪ್ರಸಂಗ ಬರುವುದಿಲ್ಲ. ಕಚ್ಚುವುದೆಂದರೆ ಹೇಳಿದ ಮಾತು ಯಾರಿಗೂ ಕೇಳಿಸಲಿಲ್ಲ ಎಂದರ್ಥ.

ನಾಯಿ ಎಷ್ಟೋ ಸಲ ಮೊದಲೇ ಹೇಳಿರುತ್ತದೆ. ಮೈ ಬಿಗಿ ಹಿಡಿಯುತ್ತದೆ, ಮುಖ ತಿರುಗಿಸಿ ಕಣ್ಣಂಚಿನ ಬಿಳಿ ತೋರಿಸುತ್ತದೆ, ತುಟಿ ಎತ್ತುತ್ತದೆ, ಗುರ್ರೆನ್ನುತ್ತದೆ. ನಾವೋ, ಗುರ್ರೆಂದದ್ದಕ್ಕೆ ಚಪ್ಪಲಿ ಎಸೆದು ಬುದ್ಧಿ ಕಲಿಸುತ್ತೇವೆ. ಬುದ್ಧಿ ಕಲಿತ ನಾಯಿ ಮುಂದಿನ ಸಲ ಗುರ್ರೆನ್ನದೆ ನೇರ ಕೆಲಸಕ್ಕೆ ಇಳಿಯುತ್ತದೆ. ಬಾಯಿಯ ಹದವನ್ನು ಮರಿಗಳು ಕಲಿಯುವುದು ಒಡಹುಟ್ಟಿದವರ ಜೊತೆ ಆಡುವಾಗ. 28 ಹಾಲುಹಲ್ಲುಗಳು ಸೂಜಿಯ ಹಾಗೆ. ಜೋರಾಗಿ ಕಚ್ಚಿದರೆ ತಮ್ಮ ಕಿರುಚಿ ಆಟ ನಿಲ್ಲಿಸುತ್ತಾನೆ, ಮುಂದಿನ ಸಲ ಅಣ್ಣ ಹಿಡಿತ ಸಡಿಲಿಸುತ್ತಾನೆ. ಎಂಟು ವಾರ ತುಂಬುವ ಮೊದಲೇ ತಾಯಿಯಿಂದ ಕಿತ್ತು ಮಾರಿದ ಮರಿಗೆ ಈ ಶಾಲೆಯೇ ತಪ್ಪುತ್ತದೆ.

ಇಷ್ಟೆಲ್ಲ ಆಗಿಯೂ ಯಾವ ನಾಯಿಯೇ ಆಗಲಿ ಹಲ್ಲು ತಾಗಿಸಿದರೆ ಪೌಂಡು ಲೆಕ್ಕ ಹಾಕುತ್ತ ಕೂರಬಾರದು. ಖಾರದಪುಡಿ, ಸುಣ್ಣ, ಅರಿಸಿನ ಯಾವುದೂ ಬೇಡ. ಹರಿಯುವ ನೀರಿನಲ್ಲಿ ಸೋಪು ಹಚ್ಚಿ 15 ನಿಮಿಷ ತೊಳೆದು ಅಂದೇ ದವಾಖಾನೆಗೆ ಹೋಗಬೇಕು. ಹೊಕ್ಕಳ ಸುತ್ತ 14 ಸೂಜಿ ಎಂಬ ಹಳೆಯ ಭಯ ಈಗ ಇಲ್ಲ. ತೋಳಿಗೆ ಕೆಲವೇ ಸಲ. ರೇಬಿಸ್ ಕಾಣಿಸಿಕೊಂಡ ಮೇಲೆ ಔಷಧವಿಲ್ಲ, ಮೊದಲೇ ಚುಚ್ಚಿಸಿಕೊಂಡರೆ ರೋಗವಿಲ್ಲ. ಕಚ್ಚಿದ ಹಲ್ಲು 300 ಪೌಂಡಿನದೋ ಮೂರು ಪೌಂಡಿನದೋ ಎಂದು ವೈರಾಣು ನೋಡುವುದಿಲ್ಲ.

ನಮ್ಮ ಸಣ್ಯಾ ಕಚ್ಚಲಿಲ್ಲ, ಬೊಗಳಲೂ ಇಲ್ಲ. ಗಾದೆ ಮಾಡಿದವರು ಇಂಥ ನಾಯಿಯನ್ನು ಕಂಡಿರಲಿಲ್ಲ. ಅದು ಊಳಿಡುತ್ತದೆ, ಅದೂ ಬಹಳ ಭಾವಪೂರ್ಣವಾಗಿ. ನಸುಕಿನಲ್ಲಿ ಕಾರ್ಖಾನೆಯ ಭೋಂಗಾ ಕೂಗಿದರೆ ಶ್ರುತಿ ಹಿಡಿದು ಜೊತೆಗೂಡುತ್ತದೆ. ಏಪ್ರಿಲ್ ಬಂತೆಂದರೆ ಬಚ್ಚಲಮನೆಯ ಕಲ್ಲಿನ ಮೇಲೆ ಚಪ್ಪಟೆಯಾಗಿ ಬಿದ್ದುಕೊಂಡು ಯಾರಿಗೂ ಸ್ನಾನ ಮಾಡಗೊಡುವುದಿಲ್ಲ. ಎರಡು ಪದರದ ತುಪ್ಪಳ ಅದರದು. ಬೇಸಿಗೆಗೆ ಬೋಳಿಸೋಣವೆಂದರೆ ದನದ ಡಾಕ್ಟರು ಬೇಡವೆಂದರು, ಬಿಸಿಲು ನೇರ ಚರ್ಮಕ್ಕೆ ಬಡಿಯುತ್ತದಂತೆ. ನಾಯಿಗೆ ಮೈ ಬೆವರುವುದಿಲ್ಲ. ನಾಲಿಗೆ ಚಾಚಿ ತೇಕಿಯೇ ತಂಪಾಗಬೇಕು. ‘777 ಚಾರ್ಲಿ’ ಚಿತ್ರದಲ್ಲಿ ಹಿಮ ತೋರಿಸಲು ನಾಯಿಯನ್ನು ಹಿಮಾಲಯಕ್ಕೆ ಕರೆದೊಯ್ದದ್ದನ್ನು ನೋಡಿ ಅಕ್ಕ ಕಣ್ಣೊರೆಸಿಕೊಂಡು, ಫ್ರಿಜ್ಜಿನಿಂದ ಐಸ್ ತೆಗೆದು ಸಣ್ಯಾನ ಮುಂದೆ ಇಟ್ಟಳು. ಹಿಮದ ನಾಡಿನಲ್ಲಿ ಎಳೆಯಲು ಹುಟ್ಟಿದ ಪ್ರಾಣಿಯನ್ನು ತಂದು, ಕಾಯಲು ಹೇಳಿ, ಕಾಯುವುದಿಲ್ಲವೆಂದು ದೂರುವುದು ನಮ್ಮದೇ ತಳಿಯ ಸ್ವಭಾವ.

ಈಚೆಗೆ ಓಣಿಯ ಮಕ್ಕಳು ಶಾಲೆ ಬಿಟ್ಟೊಡನೆ ಗೇಟಿಗೆ ಬರುತ್ತಾರೆ. ಭಾವನನ್ನು ಕಂಡರೆ ದಾರಿ ಬಿಡುತ್ತಿದ್ದವರು ಈಗ ದಾರಿಗಡ್ಡ ನಿಂತು ಮಾತಾಡಿಸುತ್ತಾರೆ. ಹೆದರಿಕೆಯ ಗಿರಾಕಿಯಾಗಿ ಹೊರಟ ಮನುಷ್ಯ ಊರವರ ಸಲಿಗೆ ಹೊತ್ತುಕೊಂಡು ತಿರುಗುತ್ತಿದ್ದಾರೆ. ಅವರಿಗೆ ಅದು ಬೇಸರವೇನೂ ತಂದಂತೆ ಕಾಣುವುದಿಲ್ಲ.

ಮನೆ ಕಾಯುವ ಚಿಂತೆ ಮಾತ್ರ ಅವರಿಗಿಲ್ಲ. ಎದುರು ಮನೆಯ ಕಟ್ಟೆಯ ಮೇಲೆ ಎಂಬತ್ತು ದಾಟಿದ ಅಜ್ಜಿಯೊಬ್ಬಳು ಕೂತಿರುತ್ತಾಳೆ. ಹೊಸಬರು ಓಣಿಗೆ ಕಾಲಿಟ್ಟರೆ ‘ಯಾರಪಾ ನೀ? ಯಾವೂರು? ಯಾರ ಪೈಕಿ? ಯಾರ ಮನಿಗೆ ಹೊಂಟಿ? ಯಾಕ?’ ಎಂದು ಒಂದೇ ಉಸಿರಿಗೆ ಕೇಳುತ್ತಾಳೆ. ಸರಿಯಾದ ಉತ್ತರ ಸಿಗುವವರೆಗೂ ಬಿಡುವುದಿಲ್ಲ. ಸಿಕ್ಕ ಮೇಲೆ ಅವರ ಅತ್ತೆಯ ಊರಿನ ಸುದ್ದಿ ತೆಗೆಯುತ್ತಾಳೆ. ನಾನಂತೂ ಅಲ್ಲಿಗೆ ಹೋಗುವಾಗ ನಾಯಿಗಲ್ಲ, ಅವಳಿಗೆ ಉತ್ತರ ಸಿದ್ಧ ಮಾಡಿಕೊಂಡೇ ಹೋಗುವುದು. ಬಾಯಲ್ಲಿ ಒಂದು ಹಲ್ಲೂ ಇಲ್ಲ.